ಡಿಸ್ಪೋಸಲ್ ಲಾರಿ

ನಮ್ಮ ಕರಾವಳಿಯ ಹಳಬರ ಬಾಯಲ್ಲಿ 'ಡಿಸ್ಪೋಸಲ್' ಅಂದರೆ ಬಿಸಾಡುವುದಲ್ಲ, ಕೈಗೆ ಸಿಗುವುದು. ಡಿಸ್ಪೋಸಲ್ ಕಂಬಳಿ, ಡಿಸ್ಪೋಸಲ್ ಕೋಟು, ಡಿಸ್ಪೋಸಲ್ ಜೀಪು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದಲ್ಲಿ ಗುಡ್ಡೆ ಬಿದ್ದಿದ್ದ ಮಿಲಿಟರಿ ಸಾಮಾನು ಮಾರುವುದಕ್ಕೆಂದೇ ಸರ್ಕಾರ ಒಂದು ಇಲಾಖೆ ತೆರೆದಿತ್ತು. ಆ ಇಲಾಖೆಯ ಹೆಸರಿನಲ್ಲಿದ್ದ ಇಂಗ್ಲಿಷ್ ಶಬ್ದ ಹರಾಜಿನ ಅಂಗಳದಿಂದ ಹೊರಬಿದ್ದು, ಬಂದರಿನ ಗುಜರಿ ಅಂಗಡಿಗಳನ್ನು ಹಾದು, ಘಟ್ಟದ ಬುಡದ ಮರದ ಮಿಲ್ಲುಗಳವರೆಗೆ ಹೋಗಿ ಕನ್ನಡದ್ದೇ ಆಗಿಬಿಟ್ಟಿತು. ನನ್ನಜ್ಜನಿಗೆ ಇಂಗ್ಲಿಷಿನ ಎ ಬಿ ಸಿ ಗೊತ್ತಿರಲಿಲ್ಲ. ಡಿಸ್ಪೋಸಲ್ ಗೊತ್ತಿತ್ತು.

ಈಗ ಆ ಶಬ್ದದ ಒಂದು ತುಂಡು, ಮೂರು ಟನ್ನಿನದ್ದು, ಕುಲಶೇಖರದಲ್ಲಿ ನನ್ನ ಗೆಳೆಯನ ಮನೆಯ ಅಂಗಳದಲ್ಲಿ ನಿಂತಿದೆ. ಕೆನಡಾದಲ್ಲಿ ತಯಾರಾದ ಷೆವ್ರೊಲೆ ಮಿಲಿಟರಿ ಲಾರಿ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಮಾದರಿ. ಬೆಳ್ತಂಗಡಿ ಕಡೆಯ ಒಂದು ಮುಚ್ಚಿದ ಮರದ ಮಿಲ್ಲಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ಬಿದ್ದದ್ದನ್ನು ಅವನು ಗುಜರಿ ರೇಟಿಗೆ, ಅಂದರೆ ಕಿಲೋ ಲೆಕ್ಕದಲ್ಲಿ, ಕೊಂಡು ತಂದ. ಶನಿವಾರ ಭಾನುವಾರ ನಾವಿಬ್ಬರೂ ಲ್ಯಾಪ್‌ಟಾಪ್ ಮುಚ್ಚಿಟ್ಟು ಅದರ ಅಡಿಗೆ ಹೋಗುತ್ತೇವೆ. ಆದರೆ ನಾನಿಲ್ಲಿ ಬರೆಯಹೊರಟದ್ದು ನಮ್ಮ ಸಾಹಸದ ಬಗ್ಗೆ ಅಲ್ಲ, ಆ ಲಾರಿ ಇಲ್ಲಿಗೆ ಹೇಗೆ ಬಂತು, ಇಷ್ಟು ವರ್ಷ ಯಾರು ಅದನ್ನು ಓಡಿಸಿದರು ಎನ್ನುವುದರ ಬಗ್ಗೆ.

1940ರಲ್ಲಿ ಡನ್‌ಕರ್ಕಿನಿಂದ ಓಡಿಬಂದ ಬ್ರಿಟಿಷ್ ಸೈನ್ಯ ಫ್ರಾನ್ಸಿನಲ್ಲಿ ಜೀವ ಉಳಿಸಿಕೊಂಡಿತು, ಗಾಡಿಗಳನ್ನು ಉಳಿಸಿಕೊಳ್ಳಲಿಲ್ಲ. ಆ ಖಾಲಿ ಜಾಗ ತುಂಬಿದ ದೇಶಗಳಲ್ಲಿ ದೊಡ್ಡದು ಕೆನಡಾ. ಆಗ ಅದರ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ. ಅಷ್ಟು ಸಣ್ಣ ದೇಶ ಯುದ್ಧ ಮುಗಿಯುವುದರೊಳಗೆ ಎಂಟು ಲಕ್ಷಕ್ಕೂ ಹೆಚ್ಚು ಮಿಲಿಟರಿ ವಾಹನ ಮಾಡಿ ಹಾಕಿತು. ಅದರಲ್ಲಿ ಸುಮಾರು ಅರ್ಧದಷ್ಟು ಈ ಚಪ್ಪಟೆ ಮೂತಿಯ 'ಕೆನಡಿಯನ್ ಮಿಲಿಟರಿ ಪ್ಯಾಟರ್ನ್' ಲಾರಿಗಳು. ವಿಂಡ್ಸರಿನಲ್ಲಿ ಫೋರ್ಡ್, ಆಶಾವದಲ್ಲಿ ಜನರಲ್ ಮೋಟಾರ್ಸ್. ಸಂತೆಯಲ್ಲಿ ಪರಸ್ಪರ ಕತ್ತು ಹಿಸುಕುವ ಈ ಎರಡು ಕಂಪನಿಗಳು ಯುದ್ಧಕ್ಕಾಗಿ ಒಂದೇ ನಕಾಶೆಯ ಲಾರಿ ಮಾಡಿದವು. ಎಂಜಿನ್ ಮಾತ್ರ ಅವರವರದ್ದು: ಫೋರ್ಡಿಗೆ ವಿ-8, ಷೆವ್ರೊಲೆಗೆ ಸಾಲಾಗಿ ಆರು ಸಿಲಿಂಡರ್. ಸ್ಟೇರಿಂಗ್ ಬಲಗಡೆ, ಬ್ರಿಟಿಷರ ಲೆಕ್ಕಕ್ಕೆ. ಕೊನೆಯ ಮಾದರಿಯ ಕ್ಯಾಬಿನ್ನಿನ ಎದುರು ಗಾಜು ನಮ್ಮ ಈಗಿನ ವಾಹನಗಳ ಹಾಗೆ ಹಿಂದಕ್ಕೆ ಬಾಗಿಲ್ಲ. ಮೇಲ್ತುದಿ ಮುಂದಕ್ಕೆ ಬಂದು ನೆಲ ನೋಡುತ್ತದೆ. ಬಿಸಿಲು ಬಿದ್ದು ಹೊಳೆದರೆ ಆಕಾಶದಲ್ಲಿರುವ ವಿಮಾನದವನಿಗೆ ಕಾಣುತ್ತದೆ ಅಂತ. ಎಂಜಿನ್ ಅರ್ಧ ಕ್ಯಾಬಿನ್ನಿನೊಳಗೇ ಕೂತಿರುವುದರಿಂದ ಡ್ರೈವರನ ಕಾಲಿಗೆ ಜಾಗ ಅಷ್ಟಕ್ಕಷ್ಟೇ. ಕೆನಡಾದ ಚಳಿಗೆ ಹಿತವಾಗಿದ್ದಿರಬಹುದು. ಮಾರ್ಚ್ ತಿಂಗಳ ಮಂಗಳೂರಲ್ಲಿ ಅದರೊಳಗೆ ಕೂತವರಿಗೆ ಮಾತ್ರ ಗೊತ್ತು.

ಇಂಥ ಲಾರಿಗಳು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಹಡಗು ಹತ್ತಿ ಬಂದವು. ಬಾಂಬೆಯ ಸೆವ್ರಿಯಲ್ಲಿ ಜನರಲ್ ಮೋಟಾರ್ಸಿನ ಜೋಡಣೆ ಕಾರ್ಖಾನೆ 1928ರಿಂದಲೇ ಇತ್ತು. ಯುದ್ಧ ಬಂದಾಗ ಅದು ಮಿಲಿಟರಿ ಗಾಡಿಗಳ ಜೋಡಣೆಗೆ ಇಳಿಯಿತು. ಇದೇ ಮಾದರಿಯ ಫೋರ್ಡ್ ಚಾಸಿಗಳ ಮೇಲೆ ನಮ್ಮಲ್ಲೇ ಉಕ್ಕಿನ ಕವಚ ಕೂರಿಸಿ ಯುದ್ಧಕ್ಕೆ ಕಳಿಸಿದ್ದೂ ಉಂಟು. ಅದಕ್ಕೆ ಸೈನಿಕರು ಇಟ್ಟ ಹೆಸರು 'ಟಾಟಾನಗರ್'. ಪೂರ್ವದಲ್ಲಿ ಅಸ್ಸಾಮಿನ ಲೇಡೊದಿಂದ ಹೊರಟ ಮೊದಲ ಲಾರಿ ಸಾಲು 1945ರ ಫೆಬ್ರುವರಿ 4ಕ್ಕೆ ಚೀನಾದ ಕುನ್ಮಿಂಗ್ ಮುಟ್ಟಿತು. ಆರು ತಿಂಗಳಲ್ಲಿ ಯುದ್ಧ ಮುಗಿಯಿತು. ಲಾರಿಗಳು ಉಳಿದವು.

ಅವುಗಳನ್ನು ವಾಪಸ್ ಕೊಂಡೊಯ್ಯುವ ಖರ್ಚು ಯಾರಿಗೂ ಬೇಡವಾಗಿತ್ತು. ಇಲ್ಲಿನ ಜನಕ್ಕೆ ಮಾತ್ರ ಅವು ಬೇಕಾಗಿದ್ದವು, ಯಾಕೆಂದರೆ ಹೊಸ ಲಾರಿ ಎಂಬುದು ಸಿಗುತ್ತಲೇ ಇರಲಿಲ್ಲ. ಟಾಟಾದವರು ಡೈಮ್ಲರ್-ಬೆನ್ಜ್ ಜೊತೆ ಸೇರಿ ಲಾರಿ ಹೊರತಂದದ್ದು 1954ರಲ್ಲಿ. ಅಲ್ಲಿಯವರೆಗಿನ ಎಂಟೊಂಬತ್ತು ವರ್ಷ ಭಾರತದ ಅಕ್ಕಿ, ಉಪ್ಪು, ಹಂಚು, ಮರದ ದಿಮ್ಮಿ ಇವುಗಳಲ್ಲಿ ಎಷ್ಟೋ ಪಾಲು ಓಡಾಡಿದ್ದು ಈ ಉಳಿಕೆ ಲಾರಿಗಳ ಬೆನ್ನ ಮೇಲೆ. ನಮ್ಮ ಪಂಚವಾರ್ಷಿಕ ಯೋಜನೆಗಳ ಇತಿಹಾಸ ಬರೆಯುವವರು ಅಣೆಕಟ್ಟು, ಉಕ್ಕಿನ ಕಾರ್ಖಾನೆ ಅಂತ ಬರೆಯುತ್ತಾರೆ. ಡಿಸ್ಪೋಸಲ್ ಲಾರಿಗೆ ಒಂದು ಪ್ಯಾರಾ ಆದರೂ ಕೊಡಬೇಕು ಅಂತ ನನ್ನ ತಕರಾರು.

ಬಿಟ್ಟುಹೋದದ್ದನ್ನು ರಿಪೇರಿ ಮಾಡಿ ಓಡಿಸುವುದರಲ್ಲಿ ಸರ್ಕಾರವೂ ಹಿಂದೆ ಬೀಳಲಿಲ್ಲ. ಕಾನ್ಪುರದ ಚಾಕೇರಿಯಲ್ಲಿ ಅಮೆರಿಕದ ಲಿಬರೇಟರ್ ಬಾಂಬರ್ ವಿಮಾನಗಳು ಸಾಲಾಗಿ ಬಿದ್ದಿದ್ದವು. ಸಾಲದ ಕರಾರಿನ ಪ್ರಕಾರ ಅವು ಯಾರ ಕೈಗೂ ಸಿಗಬಾರದು ಅಂತ ಬ್ರಿಟಿಷರು ಹೋಗುವಾಗ ಹಾಳುಮಾಡಿ ಹೋಗಿದ್ದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟಿನವರು ಅಲ್ಲಿಗೆ ಹೋಗಿ, ಒಂದರ ರೆಕ್ಕೆ ಇನ್ನೊಂದರ ಬಾಲ ಅಂತ ಕೂಡಿಸಿ, ಒಂದು ಸಲ ಹಾರುವಷ್ಟು ಸರಿಮಾಡಿದರು. ಜಿಮ್ಮಿ ಮುನ್ಷಿ ಎಂಬ ಟೆಸ್ಟ್ ಪೈಲಟ್ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿ, 1948ರ ನವೆಂಬರಿನಲ್ಲಿ ವಾಯುಪಡೆಗೆ ಮೊದಲ ಕಂತು ಒಪ್ಪಿಸಿದರು. ಹೀಗೆ ಎದ್ದುನಿಂತ ವಿಮಾನ ಸುಮಾರು ನಲವತ್ತು. 1960ರ ದಶಕದ ಕೊನೆಯವರೆಗೂ ಅವು ಹಾರಿದವು. ನಮ್ಮ ಲಾರಿಗೆ ಬೋಲ್ಟ್ ಸಿಗದೆ ತಲೆಕೆಟ್ಟ ದಿನ ನಾವು ಈ ಕತೆ ಹೇಳಿಕೊಂಡು ಸಮಾಧಾನ ಪಡುತ್ತೇವೆ.

ಮಂಗಳೂರಿಗೆ ಈ ವಿದ್ಯೆ ಹೊಸದಲ್ಲ. ಇಲ್ಲಿ ಸಿಪಿಸಿ, ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್, 1914ರಲ್ಲೇ ಬಸ್ಸು ಓಡಿಸಿತು. ರಸ್ತೆ ಮುರಕಲ್ಲಿನದ್ದು, ಹೊಳೆಗೊಂದು ದೋಣಿ ದಾಟು, ಬಿಡಿಭಾಗ ಬರಬೇಕಾದರೆ ಮದ್ರಾಸಿನಿಂದಲೋ ಬಾಂಬೆಯಿಂದಲೋ. ಕಾಯುತ್ತಾ ಕೂತರೆ ಮಳೆಗಾಲ ಬರುತ್ತದೆ. ಹಾಗಾಗಿ ಇಲ್ಲಿಯ ಮೆಕ್ಯಾನಿಕ್ ಅಂದರೆ ಭಾಗ ಬದಲಿಸುವವನಲ್ಲ, ಭಾಗ ಮಾಡುವವ. ಸಿಂಡಿಕೇಟ್ ಬ್ಯಾಂಕಿನ ಮೂವರು ಸ್ಥಾಪಕರಲ್ಲಿ ಒಬ್ಬರಾದ ವಾಮನ ಶ್ರೀನಿವಾಸ ಕುಡ್ವರು ಎಂಜಿನಿಯರ್. ಅವರು ಮಂಗಳೂರಲ್ಲಿ ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ಹೆಸರು ಮಾಡಿದ್ದು ಲಾರಿ ಬಸ್ಸುಗಳ ಲೀಫ್ ಸ್ಪ್ರಿಂಗಿಗೆ. ಘಟ್ಟದ ರಸ್ತೆಯಲ್ಲಿ ಮೊದಲು ಮುರಿಯುವುದೇ ಅದು, ಹಾಗಾಗಿ ಊರಲ್ಲಿ ಮೊದಲು ಹುಟ್ಟಬೇಕಾದದ್ದೂ ಅದೇ! ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸಿದ್ದನ್ನು ಕಂಡವರು ಮೊನ್ನೆ ಮೊನ್ನೆಯವರೆಗೂ ಬದುಕಿದ್ದರು. ಏರು ಬಂದಾಗ ಪ್ರಯಾಣಿಕರು ಇಳಿದು ದೂಡುವುದು ಟಿಕೆಟ್ಟಿನಲ್ಲೇ ಸೇರಿದ ಸೇವೆ.

ಹಾಗಾಗಿ ನಮ್ಮ ಅಂಗಳದಲ್ಲಿ ವರ್ಕ್‌ಶಾಪ್ ಇಲ್ಲ ಎಂದು ನಾವು ಬೇಸರಿಸಿದರೆ ಹಿರಿಯರು ನಗುತ್ತಾರೆ. ಇರುವುದು ಒಂದು ಹಲಸಿನ ಮರ, ಅದರ ದಪ್ಪ ಕೊಂಬೆಗೆ ಒಂದು ಚೈನ್ ಬ್ಲಾಕ್, ನೀಲಿ ಟರ್ಪಾಲು, ಹಳೇ ರೈಲ್ವೆ ಸ್ಲೀಪರಿನ ಆರು ತುಂಡು, ಎರಡು ಬಾಟಲ್ ಜಾಕಿ. ಮನೆಗೆ ಸಿಂಗಲ್ ಫೇಸ್ ಕರೆಂಟು. ವೆಲ್ಡಿಂಗ್ ಶುರುವಾದರೆ ಒಳಗೆ ಮಿಕ್ಸಿ, ಫ್ರಿಜ್ಜು, ಗೆಳೆಯನ ಅಮ್ಮನ ಸೀರಿಯಲ್ಲು ಎಲ್ಲ ಬಂದ್. ಹಾಗಾಗಿ ವೆಲ್ಡಿಂಗಿಗೆ ಸಮಯ ನಿಗದಿಯಾಗಿದೆ: ಮಧ್ಯಾಹ್ನ ಊಟ ಮುಗಿದು ಅಮ್ಮ ಮಲಗಿದ ಮೇಲೆ, ನಾಲ್ಕೂವರೆ ಒಳಗೆ.

ನಮಗೆ ಗುರು ಸಿಕ್ಕಿದ್ದು ಬಂದರಿನಲ್ಲಿ. ಎಪ್ಪತ್ತು ದಾಟಿದ ಬ್ಯಾರಿ ಹಿರಿಯರು, ಎಲ್ಲರಿಗೂ ಕಾಕ. ಹುಡುಗನಾಗಿದ್ದಾಗಿನಿಂದ ಮರದ ಲಾರಿಗಳ ಅಡಿಯಲ್ಲೇ ಬೆಳೆದವರು. ಮೊದಲ ದಿನ ಬಂದು ಲಾರಿಯ ಸುತ್ತ ಒಂದು ಸುತ್ತು ಹಾಕಿ, ಜಾಕಿಯ ಅಡಿಗೆ ನಾವು ಏನು ಇಟ್ಟಿದ್ದೇವೆ ಅಂತ ಬಗ್ಗಿ ನೋಡಿದರು. ಸ್ಲೀಪರ್ ಕಂಡು ತಲೆ ಆಡಿಸಿದರು.

"ಕೆಂಪುಕಲ್ಲು ಇಡಬೇಡಿ ಆಯ್ತಾ. ಮನೆ ನಿಲ್ತದೆ ಅದರ ಮೇಲೆ, ಲಾರಿ ನಿಲ್ಲುದಿಲ್ಲ. ಒಂದೇ ಸಲಕ್ಕೆ ಪುಡಿ ಆಗ್ತದೆ, ಹೇಳಿ ಕೇಳಿ ಆಗುದಲ್ಲ ಅದು."

ಆಮೇಲೆ ಚಕ್ರದ ಹತ್ತಿರ ಕೂತು, ಲೋಹದ ಬ್ರಷ್ಷಿನಿಂದ ನಟ್ಟುಗಳನ್ನು ಉಜ್ಜತೊಡಗಿದರು. ತುಕ್ಕು, ಮಡ್ಡಿ, ನೀಲಿ ಬಣ್ಣ, ಕಂದು ಬಣ್ಣ ಎಲ್ಲ ಹೋಗಿ ಅಡಿಯಲ್ಲಿ ಒಂದು ಚುಕ್ಕೆ ಕೆಂಪು ಕಂಡಿತು. "ಇದು ನೋಡಿ," ಅಂದರು.

ಈ ಲಾರಿಗಳ ರಿಮ್ಮು ಒಂದೇ ತುಂಡಲ್ಲ. ಎರಡು ಬಟ್ಟಲು ಬಾಯಿಗೆ ಬಾಯಿ ಇಟ್ಟ ಹಾಗೆ ಎರಡು ಭಾಗ, ಸುತ್ತ ಬೋಲ್ಟು ಹಾಕಿ ಬಿಗಿದದ್ದು. ಯುದ್ಧಭೂಮಿಯಲ್ಲಿ ಟಯರ್ ಬದಲಿಸಲು ದೊಡ್ಡ ಯಂತ್ರ ಬೇಡ, ಗಾಳಿ ತೆಗೆದು ಎರಡು ಭಾಗ ಬಿಚ್ಚಿದರೆ ಸಾಕು ಅಂತ ಈ ಉಪಾಯ. ಹಬ್ಬಿಗೆ ಚಕ್ರ ಹಿಡಿಯುವ ನಟ್ಟು ಬೇರೆ, ರಿಮ್ಮಿನ ಎರಡು ಭಾಗ ಹಿಡಿಯುವ ನಟ್ಟು ಬೇರೆ. ಟಯರಿನಲ್ಲಿ ಗಾಳಿ ಇರುವಾಗ ಎರಡನೆಯದನ್ನು ಬಿಚ್ಚಿದರೆ ಉಕ್ಕಿನ ಬಟ್ಟಲು ಮನುಷ್ಯನ ಮುಖಕ್ಕೆ ಹಾರುತ್ತದೆ. ಅದಕ್ಕೇ ಸೈನ್ಯದವರು ಆ ನಟ್ಟುಗಳಿಗೆ ಕೆಂಪು ಬಳಿಯುತ್ತಿದ್ದರು. ಕೆಂಪು ಕಂಡರೆ ಮುಟ್ಟಬೇಡ, ಅಷ್ಟೇ. ಓದು ಬಾರದವನಿಗೂ ಅರ್ಥವಾಗುವ ಸೂಚನೆ.

ಹರಾಜಿನಲ್ಲಿ ಲಾರಿ ಬಂತು, ಸೂಚನೆಯ ಪುಸ್ತಕ ಬರಲಿಲ್ಲ. ಕೊಂಡವರು ತಮಗೆ ಬೇಕಾದ ಬಣ್ಣ ಬಳಿದರು, ಚಕ್ರದ ಮೇಲೂ. ಕೆಂಪು ಮುಚ್ಚಿಹೋಯಿತು. ಕಾಕನ ಜೊತೆ ಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗ ಪಂಕ್ಚರ್ ತೆಗೆಯಲು ಕೂತವ ಏಳಲೇ ಇಲ್ಲ. ಕಾಕ ಇದನ್ನು ಹೇಳುವಾಗ ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ನಂತರ ನಾವೇ ಕುಂಕುಮದ ಬಣ್ಣ ತಂದು ಎಲ್ಲ ಲಾರಿಗೆ ಹಚ್ಚಿದೆವು. ಮಿಲ್ಲಿನ ಧಣಿಗಳಿಗೆ ಪೂಜೆಗೆ ಅಂತ ಹೇಳಿದ್ದು," ಅಂದರು. ನಮ್ಮ ಕೆಲಸದಲ್ಲಿ, ಯಾರೂ ಕಮೆಂಟ್ ಬರೆಯದೆ ಬಿಟ್ಟುಹೋದ ಹಳೇ ಕೋಡ್ ಮುಟ್ಟುವಾಗ ಸಿಸ್ಟಮ್ ಬೀಳುತ್ತದೆ, ರಾತ್ರಿ ಫೋನು ಬರುತ್ತದೆ. ಇಲ್ಲಿ ಬೇರೆ ಲೆಕ್ಕ.

ಈ ಲಾರಿಗಳಲ್ಲಿ ಅನೇಕವು ಕಾಡು ಸೇರಿದ್ದಕ್ಕೆ ಕಾರಣ ಸುಲಭ. ಮುಂದಿನ ಚಕ್ರಕ್ಕೂ ಬಲವಿರುವ ಗಾಡಿಗೆ ರಸ್ತೆ ಬೇಡ. ದೊಡ್ಡ ಟಯರು, ಹಿಂದೆ ಮುಂದೆ ಒಂದೊಂದೇ ಜೊತೆ, ಕೆಸರಲ್ಲಿ ಹೂಳುವುದು ಕಡಿಮೆ. ಆನೆ ಎಳೆದು ತಂದ ದಿಮ್ಮಿಯನ್ನು ತೊರೆಯ ಪಾತ್ರದಲ್ಲೇ ಇಳಿಸಿಕೊಂಡು ಬರಬಹುದು. ಷೆವ್ರೊಲೆಯ ಮೂಲ ಪೆಟ್ರೋಲ್ ಎಂಜಿನ್ ಮಾತ್ರ ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಅದರ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಕಾಯಿಸಿ ಸುರಿದ ಮೆತ್ತನೆ ಬಿಳಿ ಲೋಹದವು. ಸವೆದರೆ ಮತ್ತೆ ಸುರಿಯಬೇಕು, ಕೈಯಲ್ಲೇ ಕೆರೆದು ಕೂರಿಸಬೇಕು. ರಾಡಿನ ಬುಡದ ಸಣ್ಣ ಚಮಚದಂಥ ಭಾಗ ಎಣ್ಣೆಯನ್ನು ಚಿಮ್ಮಿಸುವ ಏರ್ಪಾಡು ಬೇರೆ. ಕುಡಿಯುವ ಪೆಟ್ರೋಲಂತೂ ಧಣಿಗಳ ಎದೆ ಒಡೆಯುವಷ್ಟು. 1950ರ ದಶಕದಲ್ಲಿ ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಮಾಡತೊಡಗಿದ ಮೇಲೆ ಹಳೇ ಲಾರಿಗಳ ಹೊಟ್ಟೆ ಕೊಯ್ದು ಡೀಸೆಲ್ ಕೂರಿಸುವುದು ಸಾಮಾನ್ಯವಾಯಿತು. ನಮ್ಮ ಲಾರಿಯಲ್ಲಿರುವುದೂ ಪರ್ಕಿನ್ಸೇ. ಗೇರ್ ಬಾಕ್ಸಿಗೆ ಅದನ್ನು ಜೋಡಿಸಲು ಯಾರೋ ಒಂದು ಅಂಗುಲ ದಪ್ಪದ ಉಕ್ಕಿನ ತಟ್ಟೆಯನ್ನು ಲೇತಿನಲ್ಲಿ ಕಡೆದು ಮಾಡಿದ್ದಾರೆ. ನಕಾಶೆ ಇಲ್ಲ, ಹೆಸರಿಲ್ಲ. ನಾವು ಡಯಲ್ ಗೇಜ್ ಇಟ್ಟು ಅಳೆದೆವು. ಕೂದಲೆಳೆಯಷ್ಟೂ ಓರೆಯಿಲ್ಲ.

ಹೀಗೆ ಎಂಜಿನ್ ಬದಲಾದ, ಕ್ಯಾಬಿನ್ ಕತ್ತರಿಸಿದ, ಹಿಂದೆ ಮರದ ಕಂಬ ನೆಟ್ಟ ಲಾರಿಗಳು ಪಶ್ಚಿಮ ಘಟ್ಟದ ದಿಮ್ಮಿಗಳನ್ನು ವರ್ಷಗಟ್ಟಲೆ ಕೆಳಗಿಳಿಸಿದವು. ಮಂಗಳೂರಿನ ಹಂಚಿನ ಕಾರ್ಖಾನೆಗಳ ಗೂಡಿಗೆ ಸೌದೆ ಬೇಕು, ಮೊದಲೆಲ್ಲ ನೇತ್ರಾವತಿಯಲ್ಲಿ ದೋಣಿ ತುಂಬಿ ಬರುತ್ತಿದ್ದದ್ದು. ರೈಲಿಗೆ ಸ್ಲೀಪರ್ ಬೇಕು, ಮನೆಗೆ ತೊಲೆ ಬೇಕು. ಎಲ್ಲರಿಗೂ ಬೇಕಿತ್ತು. ನಾನು ಹುಟ್ಟಿದ ಮನೆಯ ಅಟ್ಟದ ತೊಲೆಗಳೂ ಇಂಥದೇ ಯಾವುದೋ ಲಾರಿಯಲ್ಲಿ ಬಂದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದು ಇದೇ ಸರಪಳಿಯ ಇನ್ನೊಂದು ತುದಿಯಲ್ಲಿ. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಕಾಡಿನಲ್ಲಿ ಮನಸ್ಸು ಬಂದಂತೆ ಕಡಿಯುವ ಕಾಲ ಮುಗಿಯಿತು. ಮರದ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಲಾರಿಗಳು ಎಲ್ಲಿ ನಿಂತಿದ್ದವೋ ಅಲ್ಲೇ ನಿಂತವು, ಬಳ್ಳಿ ಹತ್ತಿತು.

ಮಿಲಿಟರಿ ಹರಾಜು ನಿಲ್ಲಲಿಲ್ಲ ಬಿಡಿ. ಜಬಲ್ಪುರದಲ್ಲಿ 1959ರಿಂದ ಜರ್ಮನಿಯ ಎಂ.ಎ.ಎನ್. ನಕಾಶೆಯ ಶಕ್ತಿಮಾನ್ ಬಂತು, ನಂತರ ನಿಸ್ಸಾನ್ ಮೂಲದ ಜೋಂಗಾ. ಅವೂ ಸೈನ್ಯದಿಂದ ನಿವೃತ್ತಿಯಾಗಿ ಊರೂರಿಗೆ ಬಂದವು. ಕೊಡಗಿನಲ್ಲಿ ಜೋಂಗಾ ಅಂದರೆ ಈಗಲೂ ಮನೆಮಗನ ಹಾಗೆ. ಅದು ಬೇರೆಯದೇ ಕತೆ, ಅದಕ್ಕೆ ಬೇರೆ ಅಭಿಮಾನಿ ಸಂಘಗಳಿವೆ.

ನಮ್ಮ ಅಂಗಳದ ಜಗಳ ಬಣ್ಣದ್ದು. ಬಾಗಿಲಿನ ಒಂದು ಮೂಲೆಯನ್ನು ಸ್ಯಾಂಡ್ ಪೇಪರಿನಲ್ಲಿ ಮೆಲ್ಲ ಉಜ್ಜಿದಾಗ ಪದರ ಪದರವಾಗಿ ಕಂಡಿತು: ಮೇಲೆ ಕಂದು, ಅದರಡಿ ನೀಲಿ, ಹಳದಿಯ ಒಂದು ಗೆರೆ, ಮತ್ತೆ ಕಂದು, ಎಲ್ಲಕ್ಕಿಂತ ಕೆಳಗೆ ಮಣ್ಣಿನ ಹಸಿರು. ಗೆಳೆಯನಿಗೆ ಆ ಕೆಳಗಿನ ಬಣ್ಣವೇ ಬೇಕು. ಡೀಸೆಲ್ ಎಂಜಿನ್ ಇಳಿಸಿ, ಎಲ್ಲಿಂದಾದರೂ ಷೆವ್ರೊಲೆ ಎಂಜಿನ್ ತಂದು, ಕ್ಯಾನ್ವಾಸ್ ಹೊದೆಸಿ, 1943ರಲ್ಲಿ ಹಡಗಿನಿಂದ ಇಳಿದ ಹಾಗೆ ಮಾಡಬೇಕು ಅಂತ ಅವನ ಆಸೆ. ಮಿಲಿಟರಿ ಬಣ್ಣಕ್ಕೆ ಮಂಗಳೂರಲ್ಲಿ ಯಾರೂ ಅಡ್ಡಿ ಹೇಳುವಂತಿಲ್ಲ ಎಂದು ವಾದ ಬೇರೆ, ಯಾಕೆಂದರೆ ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯ ಹಾಲರ್ ಖಾಕಿ ಬಣ್ಣ ಹಾಕಿದ ಬಟ್ಟೆ ಮಾಡಿದ್ದು ನಮ್ಮೂರಿನ ಹಳೇ ಹೆಮ್ಮೆ. (ವಾಯವ್ಯ ಗಡಿಯ ಗೈಡ್ಸ್ ದಳದವರು ಅದಕ್ಕೂ ಮೊದಲೇ, 1840ರ ದಶಕದಲ್ಲೇ, ಖಾಕಿ ತೊಟ್ಟಿದ್ದರು ಅಂತ ನಾನು ಹೇಳಿದರೆ ಅವನಿಗೆ ಕೇಳಿಸುವುದಿಲ್ಲ.)

ನನಗೆ ಒಪ್ಪಿಗೆಯಿಲ್ಲ. ಸೈನ್ಯದಲ್ಲಿ ಈ ಲಾರಿ ಇದ್ದದ್ದು ಹೆಚ್ಚೆಂದರೆ ನಾಲ್ಕೈದು ವರ್ಷ. ನಂತರದ ಐವತ್ತು ವರ್ಷ ಅದು ಇಲ್ಲಿಯದು. ಆ ಉಕ್ಕಿನ ತಟ್ಟೆ ಕಡೆದವನ ಕೈ, ಕುಂಕುಮದ ಬಣ್ಣ ಹಚ್ಚಿದವರ ಕೈ, ಹಿಂಭಾಗದ ಮರಕ್ಕೆ ದೋಣಿಗೆ ಬಳಿಯುವ ಹಾಗೆ ವರ್ಷಾವರ್ಷ ಗೇರೆಣ್ಣೆ ಬಳಿದವರ ಕೈ, ಇವನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಿ ಒಂಟಾರಿಯೊದ ಕಾರ್ಖಾನೆಯ ಬಣ್ಣ ಬಳಿದರೆ ನಮಗೆ ಸಿಗುವುದು ಯಾವುದೇ ದೇಶದ ಮ್ಯೂಸಿಯಮ್ಮಿನಲ್ಲಿ ನೋಡಬಹುದಾದ ಒಂದು ಲಾರಿ. ಗೆಳೆಯನ ಉತ್ತರವೂ ಸುಳ್ಳಲ್ಲ: "ಹಾಗಾದ್ರೆ ನೀನು ಉಳಿಸ್ಲಿಕ್ಕೆ ಹೊರಟದ್ದು ಕಾಡು ಖಾಲಿ ಮಾಡಿದ ಗಾಡಿಯನ್ನ. ಅದರ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ತೀಯಾ?" ತೆಗೆಸಿಕೊಳ್ಳುತ್ತೇನೆ. ಯುದ್ಧಕ್ಕೆ ಹೋದ ಲಾರಿಯ ಪಕ್ಕ ನಿಲ್ಲಲು ಯಾರೂ ನಾಚುವುದಿಲ್ಲ, ಮರ ಹೊತ್ತ ಲಾರಿಯ ಪಕ್ಕ ಯಾಕೆ ನಾಚಬೇಕು?

ಕಾನೂನು ಅವನ ಪರ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕುಚಕ್ರ ವಾಹನ, ವಾಣಿಜ್ಯ ಬಳಕೆಯದ್ದಲ್ಲದ್ದು, ಮೂಲ ರೂಪದಲ್ಲೇ ಇರಬೇಕು: ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಂತ ಎರಡು ಅಕ್ಷರ. ಸಿಕ್ಕಿದರೂ ದಿನಾ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ ಮಾತ್ರ. ನಮ್ಮ ಲಾರಿಗೆ ಚಕ್ರವಂತೂ ನಾಲ್ಕೇ. ವಯಸ್ಸು ಬಿಟ್ಟರೆ ಉಳಿದ ಷರತ್ತಿನಲ್ಲೆಲ್ಲ ಅದು ಫೇಲು. ಕಾಗದದಲ್ಲಿ ಅದು ಸರಕು ಲಾರಿ. ಪುಸ್ತಕ ತೆರೆದರೆ ಮೊದಲ ಪುಟ ಮದ್ರಾಸ್ ಸರ್ಕಾರದ್ದು, 1956ರ ನಂತರದ ಸೀಲುಗಳು ಮೈಸೂರಿನವು, 1973ರ ನಂತರದವು ಕರ್ನಾಟಕದವು. ಲಾರಿ ಜಿಲ್ಲೆ ಬಿಟ್ಟು ಕದಲದೆಯೇ ಮೂರು ಹೆಸರಿನ ರಾಜ್ಯ ಕಂಡಿದೆ. ಕೊನೆಯ ಸೀಲಿನ ಮುಂದೆ ಖಾಲಿ ಪುಟಗಳು.

ಈಗಿನ ಒಪ್ಪಂದದ ಪ್ರಕಾರ ಬಣ್ಣದ ಮಾತು ಪತ್ತನಾಜೆಯವರೆಗೆ ಬಂದ್. ಅಷ್ಟರೊಳಗೆ ಚಾಸಿಯ ತುಕ್ಕು ಕೆರೆದು ರೆಡ್ ಆಕ್ಸೈಡ್ ಆಗಬೇಕು, ಇಲ್ಲವಾದರೆ ನಾಲ್ಕು ತಿಂಗಳ ಮಳೆ ಇಬ್ಬರ ವಾದವನ್ನೂ ತಿಂದು ಹಾಕುತ್ತದೆ. ಬ್ರೇಕಿನ ಸಿಲಿಂಡರುಗಳನ್ನು ಕಾಕ ಮನೆಗೆ ಒಯ್ದಿದ್ದಾರೆ, ರಬ್ಬರಿನ ಅಳತೆ ಯಾವುದೋ ಟಾಟಾ ಲಾರಿಯದ್ದಕ್ಕೆ ಹೊಂದುತ್ತದೆ ಅಂತ ಅವರಿಗೆ ಅನುಮಾನ. ನಾಲ್ಕು ಚಕ್ರದ ಕೆಂಪು ನಟ್ಟುಗಳಿಗೆ ಮಾತ್ರ ನಾವು ಹೊಸ ಬಣ್ಣ ಹಚ್ಚಿ ಮುಗಿಸಿದ್ದೇವೆ. ಅದರ ಬಗ್ಗೆ ಜಗಳ ಇರಲಿಲ್ಲ.